ಕಾಲೇಜು ಡಾರ್ಮ್‌ನಲ್ಲೂ ನಮ್ಮವರ ಜೊತೆಗೇ ಇರಬೇಕಾ? ಅಮೆರಿಕದಲ್ಲಿ ಓದಿದವರು, ಮಕ್ಕಳನ್ನು ಓದಿಸುತ್ತಿರುವವರು ದಯವಿಟ್ಟು ಹೇಳಿ

ಕಾವೇರಿತೀರ:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಕಾಲೇಜು ಸೀಟು ಸಿಕ್ಕಿದೆ, ಆಗಸ್ಟ್‌ನಲ್ಲಿ ಶುರು. ಈಗ ಹೌಸಿಂಗ್ ಫಾರಂ ತುಂಬುವ ಕೆಲಸ. ಮೊದಲ ವರ್ಷ ಎಲ್ಲರೂ ಕ್ಯಾಂಪಸ್ಸಿನ ಒಳಗೇ ಇರಬೇಕು ಅನ್ನುವುದು ಅಲ್ಲಿಯ ನಿಯಮ. ಯಾವ ಕಟ್ಟಡ, ಯಾರ ಜೊತೆ ಅನ್ನುವುದರಲ್ಲಿ ಸ್ವಲ್ಪ ಆಯ್ಕೆ ಇದೆ.

ಫಾರಂನಲ್ಲಿ ಸಾಮಾನ್ಯ ಡಾರ್ಮ್‌ಗಳ ಕೆಳಗೆ ಥೀಮ್ ಹೌಸ್‌ಗಳ ಪಟ್ಟಿ ಕೊಟ್ಟಿದ್ದಾರೆ. ಕಪ್ಪು ಜನರ ಇತಿಹಾಸ, ಸಂಸ್ಕೃತಿಗೆ ಒಂದು ಮನೆ. ಲ್ಯಾಟಿನೋ ವಿದ್ಯಾರ್ಥಿಗಳಿಗೆ ಒಂದು. ಒಂದು ಕಟ್ಟಡದಲ್ಲಿ ದಕ್ಷಿಣ ಏಷ್ಯಾದವರಿಗೆ ಅಂತ ಒಂದು ಮಹಡಿ. ಮಗಳು ಆ ಮಹಡಿಗೆ ಟಿಕ್ ಹಾಕಿದ್ದಾಳೆ. ಅವಳ ಅಪ್ಪನಿಗೆ ಖುಷಿಯೋ ಖುಷಿ. ಹಬ್ಬಕ್ಕೆ ಜೊತೆ ಸಿಗುತ್ತದೆ, ಊಟದ ತೊಂದರೆ ಇಲ್ಲ, ನಮ್ಮ ಕಡೆಯ ಮಕ್ಕಳು ಅನ್ನುವ ಧೈರ್ಯ.

ನನಗೆ ಒಪ್ಪಿಗೆ ಇಲ್ಲ. ಕಾರಣ ಹೇಳುತ್ತೇನೆ. ನಾವು ಇರುವುದು ನ್ಯೂ ಜೆರ್ಸಿಯ ಎಡಿಸನ್‌ನಲ್ಲಿ. ಓಕ್ ಟ್ರೀ ರೋಡ್ ಗೊತ್ತಿರುವವರಿಗೆ ಜಾಸ್ತಿ ವಿವರಿಸಬೇಕಿಲ್ಲ. ಇವಳ ಶಾಲೆಯಲ್ಲಿ ಭಾರತೀಯ ಮಕ್ಕಳು, ಡಾನ್ಸ್ ಕ್ಲಾಸಿನಲ್ಲಿ ಭಾರತೀಯ ಮಕ್ಕಳು, ವಾರಾಂತ್ಯಕ್ಕೆ ಕನ್ನಡ ಕೂಟ. ಹದಿನೆಂಟು ವರ್ಷ ಹೀಗೇ ಬೆಳೆದಿದ್ದಾಳೆ. ಮನೆಯಿಂದ ಮೊದಲ ಸಲ ಹೊರಗೆ ಹೋಗುವಾಗಲೂ ಅದೇ ಮುಖಗಳ ನಡುವೆ ಹೋಗಿ ಕೂರುವುದಾದರೆ ಊರು ಬಿಟ್ಟು ಹೋಗುವುದು ಯಾಕೆ ಅನ್ನುವುದು ನನ್ನ ಪ್ರಶ್ನೆ. ಕೆಂಟಕಿಯ ಹಳ್ಳಿಯಿಂದ ಬಂದ ಹುಡುಗಿ ಏನು ಯೋಚಿಸುತ್ತಾಳೆ, ಅವಳ ಮನೆಯಲ್ಲಿ ಏನು ಮಾತಾಡುತ್ತಾರೆ, ಅದನ್ನು ಇವಳು ಒಂದೇ ರೂಮಿನಲ್ಲಿ ಮಲಗಿ ಎದ್ದು ತಿಳಿದುಕೊಳ್ಳಬೇಕು ಅಂತ ನನ್ನ ಆಸೆ. ಮುಂದೆ ಅಂಥ ಅವಕಾಶ ಸಿಗುವುದಿಲ್ಲ.

ಮಗಳು ಕೊಟ್ಟ ಉತ್ತರ ಇದು: "ಅಮ್ಮಾ, ನಾಲ್ಕು ಬಿಳಿ ಹುಡುಗಿಯರು ಮೊದಲೇ ಮಾತಾಡಿಕೊಂಡು ಒಂದು ಸೂಟ್ (ಒಂದಕ್ಕೊಂದು ಸೇರಿದ ರೂಮುಗಳು) ಹಿಡಿದರೆ ಅದಕ್ಕೆ ಫ್ರೆಂಡ್ಸ್ ಅಂತೀರಿ. ನಾವು ನಾಲ್ಕು ಜನ ಹಿಡಿದರೆ ಗುಂಪುಗಾರಿಕೆ ಅಂತೀರಿ." ಈ ಮಾತಿಗೆ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ನಿಮ್ಮ ಅನುಭವ ಬರೆಯಿರಿ. ಉದ್ದವಾದರೂ ಪರವಾಗಿಲ್ಲ.

ಡಲ್ಲಾಸ್‌ವಾಸಿ:

ಮೇಡಂ, ಅಂಡರ್‌ಗ್ರಾಡ್ ಕಥೆ ನನಗೆ ಗೊತ್ತಿಲ್ಲ. ಎಂಎಸ್‌ಗೆ ಬರುವವರ ಕಥೆ ಹೇಳುತ್ತೇನೆ, ಯಾಕೆಂದರೆ ಸಂಖ್ಯೆಯಲ್ಲಿ ನಾವೇ ಜಾಸ್ತಿ. 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3.31 ಲಕ್ಷ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮಾಸ್ಟರ್ಸ್, ಪಿಎಚ್‌ಡಿ ಮಾಡುವವರು. ಇವರಲ್ಲಿ ಬಹಳಷ್ಟು ಜನಕ್ಕೆ ಕ್ಯಾಂಪಸ್ಸಿನ ಒಳಗೆ ರೂಮು ಸಿಗುವುದೇ ಇಲ್ಲ. ಹೊರಗೆ ಅಪಾರ್ಟ್‌ಮೆಂಟ್ ಹುಡುಕಬೇಕು.

ಅಲ್ಲಿ ಏನಾಗುತ್ತದೆ ನೋಡಿ. ವೀಸಾ ಸ್ಟಾಂಪ್ ಆಗುವ ಮೊದಲೇ ವಾಟ್ಸಾಪ್ ಗುಂಪು ಶುರುವಾಗಿರುತ್ತದೆ. ಮೊದಲು ಇಡೀ ಯೂನಿವರ್ಸಿಟಿಗೆ ಒಂದು ಗುಂಪು. ಸ್ವಲ್ಪ ದಿನಕ್ಕೆ ತೆಲುಗಿನವರದ್ದು ಬೇರೆ, ತಮಿಳರದ್ದು ಬೇರೆ, ಮರಾಠಿಯವರದ್ದು ಬೇರೆ, ನಮ್ಮದು ಬೇರೆ. "ವೆಜ್ ಮಾತ್ರ, ಸ್ಮೋಕಿಂಗ್ ಇಲ್ಲ, ಅಡುಗೆ ಪಾಳಿ ಪ್ರಕಾರ" ಅಂತ ಮೆಸೇಜುಗಳು.

ಮನೆ ಕೊಡುವ ಕಂಪನಿಗಳು ಕೇಳುವುದು ಸೋಷಿಯಲ್ ಸೆಕ್ಯುರಿಟಿ ನಂಬರ್, ಕ್ರೆಡಿಟ್ ಸ್ಕೋರ್, ಬಾಡಿಗೆಯ ಮೂರು ಪಟ್ಟು ಆದಾಯದ ದಾಖಲೆ. ವಿಮಾನ ಇಳಿದು ಬಂದ ಹುಡುಗನ ಹತ್ತಿರ ಈ ಮೂರರಲ್ಲಿ ಒಂದೂ ಇರಲ್ಲ. ಇಲ್ಲದಿದ್ದರೆ ಜಾಮೀನಿಗೆ ಇಲ್ಲಿಯವರೇ ಯಾರಾದರೂ ಬೇಕು. ಹಾಗಾಗಿ ಉಳಿಯುವ ದಾರಿ ಒಂದೇ. ಈಗಾಗಲೇ ಲೀಸ್ ಇರುವ ಸೀನಿಯರ್ ಮನೆಗೆ ಸೇರಿಕೊಳ್ಳುವುದು. ಸೀನಿಯರ್ ಡಿಗ್ರಿ ಮುಗಿಸಿ ಹೋಗುವಾಗ ಲೀಸ್, ಹಾಸಿಗೆ, ಕುಕ್ಕರ್, ಮಿಕ್ಸಿ ಎಲ್ಲ ಜೂನಿಯರ್‌ಗೆ. ಜೂನಿಯರ್ ಅವನ ಜೂನಿಯರ್‌ಗೆ. ಹೀಗೆ ವರ್ಷಗಟ್ಟಲೆ ಒಂದೇ ಮನೆ ಒಂದೇ ಭಾಷೆಯವರ ಕೈಯಲ್ಲಿ ಉಳಿಯುತ್ತದೆ. ಬೇರೆಯವರು ಬರಬಾರದು ಅಂತ ಯಾರೂ ಕೂತು ತೀರ್ಮಾನ ಮಾಡಿರುವುದಿಲ್ಲ. ಎರಡು ಬೆಡ್‌ರೂಮಿನಲ್ಲಿ ನಾಲ್ಕು ಜನ, ಹಾಲ್‌ನಲ್ಲಿ ಒಬ್ಬ. ಬಾಡಿಗೆ ಹಂಚಿಕೊಂಡರೆ ಸಾಲದ ಕಂತು ಸ್ವಲ್ಪ ಹಗುರ. ಊರಲ್ಲಿ ಅಪ್ಪ ಸೈಟು ಅಡ ಇಟ್ಟಿರುತ್ತಾರೆ, ಅದನ್ನೂ ನೆನಪಿಡಬೇಕು.

ಇದನ್ನು "ತಾವೇ ಬೇರೆ ಕೂತರು" ಅನ್ನುವುದು ನ್ಯಾಯ ಅಲ್ಲ ಅಂತ ನನ್ನ ಅಭಿಪ್ರಾಯ. ಆದರೆ ನಷ್ಟ ಇಲ್ಲ ಅಂತಲೂ ಹೇಳಲಾರೆ. ಎರಡು ವರ್ಷ ಮುಗಿದರೂ ಒಬ್ಬ ಅಮೆರಿಕನ್ ಸಹಪಾಠಿಯ ಮನೆ ಬಾಗಿಲು ತುಳಿಯದವರು ನನ್ನ ಬ್ಯಾಚಿನಲ್ಲಿ ಬಹಳ ಜನ. ಇಂಟರ್‌ವ್ಯೂನಲ್ಲಿ ಮಾತು ಬರದೆ ಒದ್ದಾಡಿದಾಗ ಅದರ ಬೆಲೆ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಹೇಳದೆ ಇರಲಾರೆ. ಕೆಲವು ಗುಂಪುಗಳಲ್ಲಿ ರೂಮು ಕೇಳಿದ ಕೂಡಲೇ ಬರುವ ಪ್ರಶ್ನೆ "ಸರ್‌ನೇಮ್ ಏನು ಬ್ರೋ?" ಸರ್‌ನೇಮ್ ಯಾಕೆ ಬೇಕು ಅಂತ ಎಲ್ಲರಿಗೂ ಗೊತ್ತು. ಅನ್ನ ಸಾರಿಗಾಗಿ ಒಟ್ಟಿಗೆ ಇರುವುದು ಒಂದು. ಇದು ಬೇರೆಯೇ.

ಸಾಧನಕೇರಿ:

ಕಾವೇರಿತೀರ ಅವರೇ, ನಿಮ್ಮ ನಿಲುವೇ ಸರಿ. ಮಗಳ ಮಾತಿಗೆ ಸೋಲಬೇಡಿ.

ಈ ದೇಶದಲ್ಲಿ ಒಂದೇ ಹಾಸ್ಟೆಲ್‌ನಲ್ಲಿ ಇರುವ ಹಕ್ಕಿಗಾಗಿ ಜನ ಪ್ರಾಣ ಒತ್ತೆ ಇಟ್ಟಿದ್ದಾರೆ. 1962ರ ಸೆಪ್ಟೆಂಬರ್ ಕೊನೆಯಲ್ಲಿ ಜೇಮ್ಸ್ ಮೆರೆಡಿತ್ ಅನ್ನುವ ಕಪ್ಪು ವಿದ್ಯಾರ್ಥಿ ಮಿಸಿಸಿಪಿ ಯೂನಿವರ್ಸಿಟಿಗೆ ಸೇರಲು ಬಂದಾಗ ಕ್ಯಾಂಪಸ್ಸಿನಲ್ಲಿ ಗಲಭೆ ಆಯಿತು. ಇಬ್ಬರು ಸತ್ತರು. ಕೇಂದ್ರ ಸರ್ಕಾರ ಸೈನ್ಯ ಕಳಿಸಬೇಕಾಯಿತು. ಬ್ಯಾಕ್ಸ್‌ಟರ್ ಹಾಲ್ ಅನ್ನುವ ಡಾರ್ಮ್‌ನಲ್ಲಿ ಮಾರ್ಷಲ್‌ಗಳ ಕಾವಲಿನಲ್ಲಿ ಆತ ಇದ್ದರು. ಊಟಕ್ಕೆ ಕೂತರೆ ಪಕ್ಕದವರು ಎದ್ದು ಹೋಗುತ್ತಿದ್ದರು. ಆದರೂ ಬಿಡದೆ 1963ರ ಆಗಸ್ಟ್‌ನಲ್ಲಿ ಡಿಗ್ರಿ ತೆಗೆದುಕೊಂಡರು. ಅಷ್ಟು ಕಷ್ಟಪಟ್ಟು ತೆರೆಸಿದ ಬಾಗಿಲು ಅದು. ಹತ್ತೇ ವರ್ಷದಲ್ಲಿ ನಮಗೆ ಬೇರೆ ಮನೆ ಕೊಡಿ ಅಂತ ಕೇಳಿದರೆ ಏನನ್ನಬೇಕು?

ಇದು ಬಿಳಿಯರು ಮಾತ್ರ ಎತ್ತುವ ಆಕ್ಷೇಪ ಅಂತ ತಿಳಿಯಬೇಡಿ. ಕಾರ್ನೆಲ್ ಯೂನಿವರ್ಸಿಟಿಯ ಥೀಮ್ ಹೌಸ್‌ಗಳ ವಿರುದ್ಧ 1990ರ ದಶಕದಲ್ಲಿ ಸರ್ಕಾರಕ್ಕೆ ದೂರು ಕೊಟ್ಟವರು ನ್ಯೂಯಾರ್ಕಿನ ಮೈಕಲ್ ಮೇಯರ್ಸ್. ಅವರು ಸ್ವತಃ ಕಪ್ಪು ಜನಾಂಗದವರು, ನಾಗರಿಕ ಹಕ್ಕುಗಳ ಹೋರಾಟದಲ್ಲಿ ಪಳಗಿದವರು. ಬಣ್ಣ ನೋಡಿ ಮನೆ ಹಂಚುವುದು ಯಾರು ಮಾಡಿದರೂ ತಪ್ಪು ಅನ್ನುವುದು ಅವರ ವಾದ. ನನ್ನದೂ ಅದೇ.

ಇಥಾಕಾ ಚಳಿ:

ಸಾಧನಕೇರಿ ಸರ್, ಕಾರ್ನೆಲ್ ಹೆಸರು ಬಂದಿದ್ದರಿಂದ ಬರೆಯುತ್ತೇನೆ. ಕಾರ್ನೆಲ್ ಇರುವ ಇಥಾಕಾದಲ್ಲೇ ವರ್ಷಗಳಿಂದ ಇದ್ದೇನೆ. ಆ ದೂರಿನ ಮುಂದಿನ ಭಾಗವನ್ನೂ ಹೇಳಬೇಕು. ಕೇಂದ್ರ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿ ಅದನ್ನು ಪರಿಶೀಲಿಸಿತು. ಕಾನೂನು ಉಲ್ಲಂಘನೆ ಆಗಿಲ್ಲ ಅಂತ 1996ರಲ್ಲಿ ಹೇಳಿತು. ಯಾಕೆಂದರೆ ಈ ಮನೆಗಳಿಗೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ಬಣ್ಣ ನೋಡಿ ಹಂಚುವ ಪದ್ಧತಿ ಇಲ್ಲ.

ಆದರೆ ನನಗೆ ಮುಖ್ಯ ಅನಿಸುವುದು ಈ ಮನೆಗಳು ಯಾಕೆ ಹುಟ್ಟಿದವು ಅನ್ನುವುದು. ಅದನ್ನು ಬಿಟ್ಟು ಮಾತಾಡಿದರೆ ಎಲ್ಲ ತಲೆಕೆಳಗಾಗುತ್ತದೆ.

ಬಹಳ ಹಿಂದಕ್ಕೆ ಹೋಗೋಣ. 1906ರಲ್ಲಿ ಇಲ್ಲಿ ಆಲ್ಫಾ ಫೈ ಆಲ್ಫಾ ಅನ್ನುವ ಸಂಘ ಹುಟ್ಟಿತು. ಅಮೆರಿಕದಲ್ಲಿ ಕಾಲೇಜಿನಿಂದ ಕಾಲೇಜಿಗೆ ಹಬ್ಬಿದ ಕಪ್ಪು ವಿದ್ಯಾರ್ಥಿ ಸಂಘಗಳಲ್ಲಿ ಅದೇ ಮೊದಲನೆಯದು. ಆಗ ಕಪ್ಪು ಹುಡುಗರು ಬೆರಳೆಣಿಕೆಯಷ್ಟು. ಬಿಳಿಯರ ಫ್ರಟರ್ನಿಟಿ (ಹುಡುಗರು ಒಟ್ಟಿಗೆ ವಾಸಿಸುವ ವಿದ್ಯಾರ್ಥಿ ಸಂಘ) ಮನೆಗಳಿಗೆ ಅವರನ್ನು ಸೇರಿಸುತ್ತಿರಲಿಲ್ಲ. ಊರಿನಲ್ಲಿ ರೂಮು ಸಿಗುವುದೂ ಕಷ್ಟ. ಹಿಂದಿನ ವರ್ಷ ಬಂದಿದ್ದವರಲ್ಲಿ ಕೆಲವರು ಓದು ಬಿಟ್ಟು ಹೋಗಿದ್ದರು. ಉಳಿದವರು ಒಬ್ಬರಿಗೊಬ್ಬರು ಆಸರೆ ಆಗಲು ಗುಂಪು ಕಟ್ಟಿದರು. ಯಾರು ಯಾರನ್ನು ಬೇರೆ ಇಟ್ಟರು ಅಂತ ನೀವೇ ಹೇಳಿ.

1960ರ ದಶಕದಲ್ಲಿ ಕಾರ್ನೆಲ್ ಹೆಚ್ಚು ಕಪ್ಪು ವಿದ್ಯಾರ್ಥಿಗಳನ್ನು ಕರೆಸಿಕೊಂಡಿತು. ಕರೆಸಿಕೊಂಡಷ್ಟು ಸುಲಭವಾಗಿ ಬದುಕು ಸರಿಹೋಗಲಿಲ್ಲ. ಕಪ್ಪು ಹುಡುಗಿಯರಿಗಾಗಿ ವಾರಿ ಹೌಸ್ ಅಂತ ಒಂದು ಮನೆ ಶುರುವಾಯಿತು. 1969ರ ಏಪ್ರಿಲ್ 18ರ ಬೆಳಗಿನ ಜಾವ ಆ ಮನೆಯ ಮುಂದೆ ಯಾರೋ ಶಿಲುಬೆ ಸುಟ್ಟರು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಬೆದರಿಸಲು ಮಾಡುತ್ತಿದ್ದ ಕೆಲಸ ಅದು. ಇಲ್ಲಿ, ನ್ಯೂಯಾರ್ಕ್ ರಾಜ್ಯದಲ್ಲಿ, ಒಳಗೆ ಹುಡುಗಿಯರು ಮಲಗಿದ್ದಾಗ ಆಯಿತು. ಮಾರನೇ ದಿನ ಕಪ್ಪು ವಿದ್ಯಾರ್ಥಿಗಳು ವಿಲ್ಲರ್ಡ್ ಸ್ಟ್ರೇಟ್ ಹಾಲ್ ಕಟ್ಟಡವನ್ನು ವಶ ಮಾಡಿಕೊಂಡರು. ಒಂದು ಫ್ರಟರ್ನಿಟಿಯ ಬಿಳಿ ಹುಡುಗರು ಒಳಗೆ ನುಗ್ಗಿ ಅವರನ್ನು ಹೊರಹಾಕಲು ನೋಡಿದರು. ಆಮೇಲೆ ಒಳಗಿದ್ದವರು ಬಂದೂಕು ತರಿಸಿಕೊಂಡರು. ಏಪ್ರಿಲ್ 20ರಂದು ಅವರು ಬಂದೂಕು ಹಿಡಿದು ಹೊರಬಂದ ಫೋಟೊ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಆಫ್ರಿಕಾ ಅಧ್ಯಯನ ಕೇಂದ್ರದ ಕಟ್ಟಡಕ್ಕೇ ಬೆಂಕಿ ಬಿತ್ತು.

ಕಪ್ಪು ಜನರ ಸಂಸ್ಕೃತಿಗೆ ಇಲ್ಲಿ ಉಜಾಮಾ ಅನ್ನುವ ಥೀಮ್ ಹೌಸ್ ಶುರುವಾಗಿದ್ದು 1972ರಲ್ಲಿ, ಇಷ್ಟೆಲ್ಲ ಆದ ಮೇಲೆ. ಅದೇ ವರ್ಷ ಪೆನ್ಸಿಲ್ವೇನಿಯಾ ಯೂನಿವರ್ಸಿಟಿಯಲ್ಲಿ ಡುಬಾಯ್ಸ್ ಕಾಲೇಜ್ ಹೌಸ್. 1975ರಲ್ಲಿ ಎಂಐಟಿಯಲ್ಲಿ ಚಾಕೊಲೇಟ್ ಸಿಟಿ. ಇವು ಬಿಳಿಯರ ಮುಖ ನೋಡಲು ಇಷ್ಟವಿಲ್ಲದೆ ಕಟ್ಟಿದ ಮನೆಗಳಲ್ಲ. ರಾತ್ರಿ ಬಾಗಿಲು ಹಾಕಿ ನೆಮ್ಮದಿಯಾಗಿ ಮಲಗಲು ಕಟ್ಟಿದವು.

ಕಾರ್ನೆಲ್‌ನಲ್ಲಿ 1991ರಲ್ಲಿ ಅಕ್ವೇಕಾನ್ ತೆರೆಯಿತು. ಅಮೆರಿಕದ ಮೂಲನಿವಾಸಿಗಳ ಪರಂಪರೆಗಾಗಿಯೇ ಒಂದು ಯೂನಿವರ್ಸಿಟಿ ಕಟ್ಟಿಸಿದ ಮೊದಲ ವಿದ್ಯಾರ್ಥಿ ನಿವಾಸ ಅದು. ಸುಮಾರು 35 ಜನ ಇರಬಹುದು, ಅವರಲ್ಲಿ ಬೇರೆ ಹಿನ್ನೆಲೆಯವರೂ ಬಹಳ. ಒಮ್ಮೆ ಹೋಗಿ ನೋಡಿ ಸರ್. ನೀವು ಅಂದುಕೊಂಡ ಹಾಗೆ ಇಲ್ಲ.

ಸಾಧನಕೇರಿ:

ಇಷ್ಟು ವಿವರ ಕೊಟ್ಟಿದ್ದಕ್ಕೆ ಥ್ಯಾಂಕ್ಸ್. 1969ರಲ್ಲಿ ಆ ಹುಡುಗಿಯರ ಜಾಗದಲ್ಲಿ ನನ್ನ ಮಗಳಿದ್ದರೆ ನಾನೂ ಬೇರೆ ಮನೆಯನ್ನೇ ಕೇಳುತ್ತಿದ್ದೆ. ಆದರೆ ಎಡಿಸನ್‌ನ ಹುಡುಗಿಗೆ ಅಂಥ ಭಯ ಏನಿದೆ? ಕಷ್ಟ ಇದ್ದವರು ಮಾಡಿಕೊಂಡ ವ್ಯವಸ್ಥೆಯನ್ನು ಕಷ್ಟ ಇಲ್ಲದವರು ಎತ್ತಿಕೊಳ್ಳುವುದು ಸರಿಯಾ?

ನಿವೃತ್ತ ಮೇಷ್ಟ್ರು:

1906 ಅಂತ ಓದಿದ ಕೂಡಲೇ ನನಗೆ ನಮ್ಮ ಊರು ನೆನಪಾಯಿತು. ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿದ್ದೂ ಅದೇ 1906ರಲ್ಲಿ. ಆ ಕಾಲದಲ್ಲಿ ಹಳೇ ಮೈಸೂರಿನಲ್ಲಿ ಒಂದೊಂದು ಸಮುದಾಯವೂ ಸಂಘ ಕಟ್ಟಿಕೊಂಡಿತು. ವಿದ್ಯಾರ್ಥಿಗಳಿಗೆ ಹಾಸ್ಟೆಲ್ ಮಾಡುವುದು ಇಂಥ ಸಂಘಗಳು ಮೊದಮೊದಲು ಹಿಡಿದ ಕೆಲಸಗಳಲ್ಲಿ ಒಂದು.

ಯಾಕೆ ಬೇಕಾಯಿತು? ಹಳ್ಳಿಯಿಂದ ಮೈಸೂರಿಗೆ ಓದಲು ಬಂದ ಬಡ ಬ್ರಾಹ್ಮಣ ಹುಡುಗನಿಗೆ ವಾರಾನ್ನ ಇತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಅಗ್ರಹಾರದಲ್ಲಿ ಯಾರದೋ ಜಗಲಿ ಮಲಗಲು ಸಿಗುತ್ತಿತ್ತು. ರೈತರ ಮಗ, ಕುರುಬರ ಮಗ, ಬೆಸ್ತರ ಮಗ ಬಂದರೆ ಯಾವ ಮನೆಗೆ ಊಟಕ್ಕೆ ಹೋಗಬೇಕು? ಹೊಲೆಯರ, ಮಾದಿಗರ ಮಕ್ಕಳ ಪಾಡಂತೂ ಹೇಳುವ ಹಾಗೇ ಇರಲಿಲ್ಲ. ಶಾಲೆಗೆ ಸೇರುವುದೇ ಯುದ್ಧ. ಹಾಸ್ಟೆಲ್ ಇಲ್ಲದಿದ್ದರೆ ಓದೇ ಇಲ್ಲ ಅನ್ನುವ ಪರಿಸ್ಥಿತಿ. ಸಾಧನಕೇರಿ ಅವರೇ, ನಿಮ್ಮ ಧಾರವಾಡದಲ್ಲೇ 1929ರಲ್ಲಿ ಅಂಬೇಡ್ಕರ್ ಅವರು ಹಾಸ್ಟೆಲ್ ಶುರು ಮಾಡಿಸಿದರು. ಪ್ರತ್ಯೇಕವಾಗಿ ಕೂರುವ ಆಸೆಯಿಂದ ಮಾಡಿಸಿದ್ದಲ್ಲ.

ಆದರೆ ನಿಮ್ಮ ಪ್ರಶ್ನೆಯಲ್ಲಿ ಹುರುಳಿದೆ. ನಾನು ಪಾಠ ಹೇಳಿದ ಊರುಗಳಲ್ಲಿ ಈ ಹಾಸ್ಟೆಲ್‌ಗಳ ಎರಡು ಮುಖವನ್ನೂ ನೋಡಿದ್ದೇನೆ. ಮನೆಯಲ್ಲಿ ಮೊದಲ ಸಲ ಓದಿದ ಹುಡುಗ ಅಲ್ಲಿಂದ ಎಂಜಿನಿಯರ್ ಆಗಿ ಹೋದದ್ದು ನೋಡಿದ್ದೇನೆ. ಅದೇ ಹಾಸ್ಟೆಲ್ ಕೆಲವು ವರ್ಷಗಳ ನಂತರ ಕಾಲೇಜು ಚುನಾವಣೆಗೆ ಜಾತಿ ಲೆಕ್ಕ ಹಾಕುವ ಜಾಗ ಆದದ್ದನ್ನೂ ನೋಡಿದ್ದೇನೆ. ಹಳ್ಳಿಯಲ್ಲಿ ಜಾತಿ ಅಂದರೆ ತನ್ನ ಕೇರಿ ಅಷ್ಟೇ ಅಂದುಕೊಂಡಿದ್ದ ಹುಡುಗ ಹಾಸ್ಟೆಲ್ಲಿಗೆ ಬಂದ ಮೇಲೆ ಇಡೀ ರಾಜ್ಯದ ಮಟ್ಟದಲ್ಲಿ ತನ್ನ ಜಾತಿಯವರನ್ನು ಎಣಿಸುವುದು ಕಲಿಯುತ್ತಿದ್ದ. ಆಸರೆ ಎಲ್ಲಿ ಮುಗಿಯಿತು, ಇದು ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯುವುದು ಒಳಗಿದ್ದವರಿಗೂ ಆಗುತ್ತಿರಲಿಲ್ಲ. ಆದ್ದರಿಂದ ಅಮೆರಿಕದ ಮನೆಗಳ ವಿಷಯದಲ್ಲೂ ನಾನು ಕೇಳುವುದು ಇಷ್ಟು: ಅಲ್ಲಿಂದ ಹೊರಗೆ ಹೋಗುವ ದಾರಿ ಎಷ್ಟು ಸಲೀಸು? ಎರಡನೇ ವರ್ಷ ಬೇರೆ ಕಡೆ ಹೋಗುತ್ತೇನೆ ಅಂದರೆ ಸ್ನೇಹಿತರು ಮುಖ ಸಿಂಡರಿಸುತ್ತಾರಾ? ಹಾಗಿಲ್ಲದಿದ್ದರೆ ನನ್ನದು ಅಭ್ಯಂತರ ಇಲ್ಲ.

ಅಲಬಾಮ ಕನ್ನಡಿಗ:

ಕಾವೇರಿತೀರ ಅವರ ಮಗಳು ಹೇಳಿದ್ದು ನೂರಕ್ಕೆ ನೂರು ನಿಜ. ಇಲ್ಲಿಯ ಉದಾಹರಣೆ ಕೊಡುತ್ತೇನೆ. ಅಲಬಾಮ ಯೂನಿವರ್ಸಿಟಿಯ ಸೊರೊರಿಟಿ (ಫ್ರಟರ್ನಿಟಿಯಂಥದ್ದೇ ಹುಡುಗಿಯರ ಸಂಘ) ಮನೆಗಳು ಅಂದರೆ ದೊಡ್ಡ ದೊಡ್ಡ ಬಂಗಲೆಗಳು, ಕಂಬಗಳು, ಹುಲ್ಲುಹಾಸು. 2013ರ ತನಕ ಅಲ್ಲಿ ಬಿಳಿಯರ ಸೊರೊರಿಟಿಗಳಲ್ಲಿ ಕಪ್ಪು ಹುಡುಗಿಯರು ಇರಲಿಲ್ಲ ಅಂದರೂ ನಡೆಯುತ್ತದೆ. ಆ ವರ್ಷ ವಿದ್ಯಾರ್ಥಿ ಪತ್ರಿಕೆ ಕ್ರಿಮ್ಸನ್ ವೈಟ್ ಒಂದು ವರದಿ ಮಾಡಿತು. ಒಳ್ಳೇ ಅಂಕ ಇದ್ದ ಕಪ್ಪು ಹುಡುಗಿಯನ್ನು ಸೇರಿಸಿಕೊಳ್ಳಲು ಒಳಗಿನ ಹುಡುಗಿಯರಿಗೆ ಮನಸ್ಸಿತ್ತು, ಹಳೇ ವಿದ್ಯಾರ್ಥಿನಿಯರು ಅಡ್ಡ ಬಂದರು ಅಂತ ಸದಸ್ಯೆಯರೇ ಹೇಳಿದ್ದರು. ದೇಶವಿಡೀ ಸುದ್ದಿ ಆಯಿತು. ಆಮೇಲೆ ಯೂನಿವರ್ಸಿಟಿ ಪ್ರವೇಶವನ್ನು ಮತ್ತೆ ತೆರೆಸಿತು. ಕಪ್ಪು ವಿದ್ಯಾರ್ಥಿಗಳು ಸೇರಬಾರದು ಅಂತ ಆಗಿನ ಗವರ್ನರ್ ಜಾರ್ಜ್ ವಾಲೆಸ್ ಅದೇ ಕ್ಯಾಂಪಸ್ಸಿನ ಬಾಗಿಲಿಗೆ ಅಡ್ಡ ನಿಂತು 50 ವರ್ಷ ಆದ ಮೇಲೆ!

ಕಪ್ಪು ವಿದ್ಯಾರ್ಥಿಗಳ ಒಂದು ಥೀಮ್ ಹೌಸ್ ಬಗ್ಗೆ ಎಷ್ಟು ಲೇಖನ ಬರುತ್ತವೆ. ಇಡೀ ಬೀದಿ ತುಂಬ ಇರುವ ಈ ಮನೆಗಳ ಬಗ್ಗೆ ಎಷ್ಟು ಬರುತ್ತವೆ? ಥೀಮ್ ಹೌಸ್‌ಗೆ ಬೇರೆಯವರೂ ಅರ್ಜಿ ಹಾಕಬಹುದು. ಇಲ್ಲಿ ಆಹ್ವಾನ ಬಂದರೆ ಮಾತ್ರ ಪ್ರವೇಶ. ಚಂದಾ ಹಣವೂ ಎಲ್ಲರ ಕೈಗೆ ಎಟುಕುವಂಥದ್ದಲ್ಲ.

ಶರಾವತಿ:

ನಾನು ಸಮಾಜ ವಿಜ್ಞಾನ ಓದಿದವಳು. ರೂಮ್‌ಮೇಟ್‌ಗಳ ಮೇಲೆ ಬಹಳ ಒಳ್ಳೆಯ ಅಧ್ಯಯನಗಳು ಆಗಿವೆ. ಕಾರಣ ಸರಳ. ಕಾಲೇಜು ಲಾಟರಿ ಎತ್ತಿದ ಹಾಗೆ ರೂಮು ಹಂಚಿದಾಗ ಯಾರ ಜೊತೆ ಯಾರು ಬಂದರು ಅನ್ನುವುದು ಅವರ ಸ್ವಭಾವದ ಮೇಲೆ ನಿಂತಿರಲ್ಲ. ಹಾಗಾಗಿ ಒಟ್ಟಿಗೆ ಇದ್ದದ್ದರಿಂದಲೇ ಏನು ಬದಲಾಯಿತು ಅಂತ ತಿಳಿಯಬಹುದು.

2006ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂನಲ್ಲಿ ಬಂದ ಒಂದು ಅಧ್ಯಯನ ನೋಡಿ. ಮೊದಲ ವರ್ಷ ಕಪ್ಪು ರೂಮ್‌ಮೇಟ್ ಸಿಕ್ಕ ಬಿಳಿ ವಿದ್ಯಾರ್ಥಿಗಳು ವರ್ಷಗಳ ನಂತರವೂ ಮೀಸಲಾತಿಯಂಥ ಕ್ರಮಗಳನ್ನು ಹೆಚ್ಚು ಬೆಂಬಲಿಸುತ್ತಿದ್ದರು. ಬೇರೆ ಜನಾಂಗದವರ ಜೊತೆ ಅವರ ಒಡನಾಟವೂ ಜಾಸ್ತಿ ಇತ್ತು. 2022ರಲ್ಲಿ ಅದೇ ಪತ್ರಿಕೆಯಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಯೂನಿವರ್ಸಿಟಿಯ ಅಧ್ಯಯನ ಬಂತು. ಕಪ್ಪು ರೂಮ್‌ಮೇಟ್ ಇದ್ದ ಬಿಳಿಯರ ಪೂರ್ವಗ್ರಹ ಕಡಿಮೆ ಆಗಿತ್ತು. ಬೇರೆ ಜನಾಂಗದವರ ಜೊತೆ ಇದ್ದ ಕಪ್ಪು ವಿದ್ಯಾರ್ಥಿಗಳ ಅಂಕ ಏರಿತ್ತು. ಇದು ನನಗೆ ತುಂಬಾ ದೊಡ್ಡ ವಿಷಯ ಅನಿಸುತ್ತದೆ.

ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ 1996ರಲ್ಲಿ ಸೇರಿದ ಸುಮಾರು 2,000 ವಿದ್ಯಾರ್ಥಿಗಳನ್ನು ಕಾಲೇಜು ಮುಗಿಯುವವರೆಗೂ ಗಮನಿಸಿದರು. ಜಿಮ್ ಸಿಡಾನಿಯಸ್ ಮತ್ತು ಸಂಗಡಿಗರ ಕೆಲಸ ಅದು. ಜನಾಂಗದ ಹೆಸರಿನ ಸಂಘಗಳಿಗೆ ಸೇರಿದ ಅಲ್ಪಸಂಖ್ಯಾತ ವಿದ್ಯಾರ್ಥಿಗಳಲ್ಲಿ "ನಮಗೆ ಅನ್ಯಾಯ ಆಗುತ್ತಿದೆ, ಅವರಿಗೂ ನಮಗೂ ಆಗಿಬರಲ್ಲ" ಅನ್ನುವ ಭಾವನೆ ಸ್ವಲ್ಪ ಹೆಚ್ಚಿತು. ಫ್ರಟರ್ನಿಟಿ, ಸೊರೊರಿಟಿಗಳಿಗೆ ಸೇರಿದ ಬಿಳಿಯರಲ್ಲೂ ಹೆಚ್ಚುಕಡಿಮೆ ಅದೇ ಆಯಿತು. ಅಲಬಾಮದವರು ಹೇಳಿದ್ದಕ್ಕೆ ಇದು ಪುರಾವೆ. ಗುಂಪು ಯಾರದ್ದಾದರೂ ಒಳಗೆ ನಡೆಯುವುದು ಅದೇ.

ನಾವು ಏಷ್ಯಾದವರು ಓದಲೇಬೇಕಾದ ಭಾಗ ಇನ್ನೊಂದಿದೆ. ಅಲ್ಲಿ ಬೇರೆ ಜನಾಂಗದ ರೂಮ್‌ಮೇಟ್ ಇದ್ದರೆ ಸಾಮಾನ್ಯವಾಗಿ ಪೂರ್ವಗ್ರಹ ಇಳಿಯಿತು. ಏಷ್ಯನ್ ರೂಮ್‌ಮೇಟ್ ಇದ್ದವರಲ್ಲಿ ಮಾತ್ರ ಏರಿತು. ನಮ್ಮ ಮನೆಗಳಲ್ಲಿ ಕಪ್ಪು ಜನರ ಬಗ್ಗೆ ಆಡುವ ಮಾತು ಮಕ್ಕಳ ಜೊತೆ ಡಾರ್ಮ್‌ವರೆಗೂ ಹೋಗುತ್ತದೆ ಅಂತ ನನಗೆ ಅನುಮಾನ ಇದೆ. ಇದು ನನ್ನ ಅಭಿಪ್ರಾಯ, ಒಪ್ಪಬೇಕಿಲ್ಲ. ಆದರೆ ಯಾವ ಮಹಡಿ ಅಂತ ಮಕ್ಕಳ ಜೊತೆ ವಾದ ಮಾಡುವ ಮೊದಲು ಊಟದ ಟೇಬಲ್ಲಿನಲ್ಲಿ ನಾವು ಏನು ಮಾತಾಡುತ್ತೇವೆ ಅಂತಲೂ ನೋಡಿಕೊಳ್ಳಬೇಕು.

ಒಟ್ಟಿಗೆ ಇಟ್ಟ ಮಾತ್ರಕ್ಕೆ ಎಲ್ಲ ಸರಿಹೋಗಲ್ಲ, ಅದೂ ನಿಜ. ದಕ್ಷಿಣ ಆಫ್ರಿಕಾದ ಫ್ರೀ ಸ್ಟೇಟ್ ಯೂನಿವರ್ಸಿಟಿ 2007ರಲ್ಲಿ ಹಾಸ್ಟೆಲ್‌ಗಳನ್ನು ಬೆರೆಸುವ ನಿಯಮ ತಂದಿತು. ಅದನ್ನು ವಿರೋಧಿಸಿ ರೈಟ್ಸ್ ಹಾಸ್ಟೆಲ್‌ನ ನಾಲ್ವರು ಬಿಳಿ ಹುಡುಗರು ಅಲ್ಲೇ ಕೆಲಸ ಮಾಡುವ ಐವರು ಕಪ್ಪು ನೌಕರರನ್ನು ಅವಮಾನ ಮಾಡಿ ವಿಡಿಯೊ ಮಾಡಿದರು. 2008ರಲ್ಲಿ ಅದು ಹೊರಬಂತು. ಹಾಸ್ಟೆಲ್ಲನ್ನೇ ಮುಚ್ಚಬೇಕಾಯಿತು.

ಸಾಧನಕೇರಿ:

ಶರಾವತಿ ಅವರೇ, ನಿಮ್ಮ ಅಧ್ಯಯನಗಳು ನನ್ನ ಮಾತನ್ನೇ ಹೇಳುತ್ತಿವೆ. ಮೊದಲ ವರ್ಷ ಲಾಟರಿ ಎತ್ತಲಿ. ಡ್ಯೂಕ್ ಯೂನಿವರ್ಸಿಟಿ 2018ರಿಂದ ಅದನ್ನೇ ಮಾಡುತ್ತಿದೆ. ಮೊದಲ ವರ್ಷದವರು ರೂಮ್‌ಮೇಟ್ ಆರಿಸಿಕೊಳ್ಳುವ ಹಾಗಿಲ್ಲ. ಸೋಷಿಯಲ್ ಮೀಡಿಯಾದಲ್ಲಿ ತಮ್ಮಂಥವರನ್ನೇ ಹುಡುಕಿ ಮೊದಲೇ ಜೋಡಿ ಆಗುತ್ತಿದ್ದರು, ಅದನ್ನು ನಿಲ್ಲಿಸಿದರು. ಬಿಳಿಯರಿಗೂ ಅದೇ ನಿಯಮ, ನಮಗೂ ಅದೇ. ಎರಡನೇ ವರ್ಷದಿಂದ ಯಾರು ಎಲ್ಲಿ ಬೇಕಾದರೂ ಇರಲಿ.

ಶರಾವತಿ:

ಎಲ್ಲರಿಗೂ ಒಂದೇ ನಿಯಮ ಆದರೆ ಒಪ್ಪುತ್ತೇನೆ. ಥೀಮ್ ಹೌಸ್ ಮಾತ್ರ ಮುಚ್ಚಿ, ಉಳಿದವರು ಸ್ನೇಹಿತರ ಜೊತೆ ಸೂಟ್ ಹಿಡಿಯಲಿ ಅಂದರೆ ಒಪ್ಪಲ್ಲ.

ಇಲ್ಲೇ ಹುಟ್ಟಿದವಳು:

ನಮಸ್ಕಾರ. ನನ್ನ ಕನ್ನಡ ಬರವಣಿಗೆ ಅಜ್ಜಿಯಿಂದ ಕಲಿತಿದ್ದು. ನಾನು ಐಯೋವಾದ ಚಿಕ್ಕ ಊರಲ್ಲಿ ಬೆಳೆದೆ. ಹೈಸ್ಕೂಲ್ ಮುಗಿಯುವವರೆಗೂ ನನ್ನ ಕ್ಲಾಸಿನಲ್ಲಿ ನಾನೊಬ್ಬಳೇ ಭಾರತೀಯಳು. ಲಂಚ್ ಡಬ್ಬಿ ತೆಗೆದರೆ ಪ್ರಶ್ನೆ. ಹೆಸರು ಹೇಳಿದರೆ ಮತ್ತೆ ಪ್ರಶ್ನೆ. ಅಮ್ಮ ಸೀರೆ ಉಟ್ಟು ಶಾಲೆಗೆ ಬಂದರೆ ವಾರವಿಡೀ ಪ್ರಶ್ನೆ. ಯಾರೂ ಕೆಟ್ಟವರಲ್ಲ. ಆದರೆ ದಿನಾ ಉತ್ತರ ಕೊಟ್ಟು ಸಾಕಾಗಿತ್ತು.

ಕಾಲೇಜಿನಲ್ಲಿ ಏಷ್ಯನ್ ಥೀಮ್ ಹೌಸ್‌ಗೆ ಹೋದೆ. ಹೊರಗಿನಿಂದ ನೋಡುವವರಿಗೆ ನಾವೆಲ್ಲ ಒಂದೇ ಗುಂಪು. ಒಳಗೆ ನನ್ನ ರೂಮ್‌ಮೇಟ್ ಲಾಹೋರ್ ಮೂಲದವಳು. ಎದುರು ರೂಮಿನಲ್ಲಿ ಶ್ರೀಲಂಕಾ ತಮಿಳು ಹುಡುಗಿ, ಅವಳ ಅಪ್ಪ ಅಮ್ಮ ಯುದ್ಧದಿಂದ ತಪ್ಪಿಸಿಕೊಂಡು ಕೆನಡಾಕ್ಕೆ ಬಂದವರು. ಪಕ್ಕದಲ್ಲಿ ಲಾವೋಸ್‌ನ ಹ್ಮಾಂಗ್ ಕುಟುಂಬದ ಹುಡುಗಿ. ಅವಳ ಮನೆಯಲ್ಲಿ ಕಾಲೇಜಿಗೆ ಬಂದ ಮೊದಲಿಗಳು ಅವಳೇ, ಸ್ಕಾಲರ್‌ಶಿಪ್ ಮೇಲೆ ಓದುತ್ತಿದ್ದಳು. ನನ್ನ ಅಪ್ಪ ಡಾಕ್ಟರ್. ಏಷ್ಯನ್ ಅಂದರೆ ದುಡ್ಡಿರುವವರು, ಓದುವವರು ಅಂತ ನಾನೂ ಅಂದುಕೊಂಡಿದ್ದೆ. ಅವಳನ್ನು ನೋಡಿದ ಮೇಲೆ ಗೊತ್ತಾಯಿತು. ಪಾಕಿಸ್ತಾನದ ಬಗ್ಗೆ ಕನ್ನಡ ಕೂಟದ ಅಂಕಲ್‌ಗಳು ಮಾತಾಡುವುದನ್ನು ಮಾತ್ರ ನಾನು ಕೇಳಿದ್ದೆ. ಒಂದು ವರ್ಷ ಒಂದೇ ರೂಮಿನಲ್ಲಿ ಇದ್ದು, ರಂಜಾನ್ ತಿಂಗಳಲ್ಲಿ ಬೆಳಗಿನ ಜಾವ ಅವಳ ಜೊತೆ ಎದ್ದು ಟೀ ಕುಡಿದು ಕಲಿತದ್ದು ಬೇರೆ.

ಸಾಧನಕೇರಿ ಅಂಕಲ್, ಭಯ ಇಲ್ಲದವರಿಗೆ ಯಾಕೆ ಬೇಕು ಅಂತ ಕೇಳಿದಿರಿ. ಭಯ ಇರಲಿಲ್ಲ, ಸುಸ್ತು ಇತ್ತು. ಅಲ್ಲಿ ಇದ್ದಾಗಲೇ ನನಗೆ ಹೊರಗೆ ಹೋಗುವ ಧೈರ್ಯ ಜಾಸ್ತಿ ಆಯಿತು. ಕಾಲೇಜು ರೇಡಿಯೋಗೆ ಸೇರಿದ್ದು, ರೋಯಿಂಗ್ ಟೀಮಿಗೆ ಸೇರಿದ್ದು ಆ ವರ್ಷವೇ. ಮೂರನೇ ವರ್ಷ ಬೇರೆ ಮನೆಗೆ ಹೋದೆ. ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ ಮೇಷ್ಟ್ರೇ.

ಕಾವೇರಿತೀರ ಆಂಟಿ, ನಿಮ್ಮ ಮಗಳು ಎಡಿಸನ್‌ನವಳು. ಅವಳ ಕಥೆ ನನ್ನದರ ಹಾಗೆ ಇಲ್ಲ. ನಾನು ನಿಮ್ಮ ಜಾಗದಲ್ಲಿದ್ದರೆ ಆ ಮಹಡಿಯಲ್ಲಿ ಯಾರು ಯಾರು ಇರುತ್ತಾರೆ ಅಂತ ಕೇಳುತ್ತಿದ್ದೆ. ಎಲ್ಲ ನ್ಯೂ ಜೆರ್ಸಿ, ಬೇ ಏರಿಯಾ ಹುಡುಗಿಯರೇ ಆದರೆ ಅದು ಎಡಿಸನ್ನೇ.

ಕಾವೇರಿತೀರ:

ಮಗೂ, ನಿನ್ನ ಮಾತನ್ನು ಮಗಳಿಗೆ ಓದಿ ಹೇಳಿದೆ. ಅವಳು ಆ ಮಹಡಿಯ ಸೀನಿಯರ್ ಒಬ್ಬಳಿಗೆ ಮೆಸೇಜ್ ಮಾಡಿ ಕೇಳಿದ್ದಾಳೆ. ಉತ್ತರ ಬರಬೇಕು. ಎಲ್ಲರೂ ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ತುಂಬಾ ಧನ್ಯವಾದ. ಇನ್ನೊಂದು ಸಂದೇಹ. ಈ ಥೀಮ್ ಹೌಸ್‌ಗಳನ್ನೇ ಸರ್ಕಾರ ಮುಚ್ಚಿಸುತ್ತದೆ ಅಂತ ಯಾರೋ ಹೇಳಿದರು. ನಿಜವಾ?

ಇಥಾಕಾ ಚಳಿ:

2025ರ ಫೆಬ್ರವರಿಯಲ್ಲಿ ಕೇಂದ್ರ ಶಿಕ್ಷಣ ಇಲಾಖೆ ಎಲ್ಲ ಕಾಲೇಜುಗಳಿಗೆ ಒಂದು ಪತ್ರ ಬರೆಯಿತು. 2023ರಲ್ಲಿ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗ ನೋಡಬಾರದು ಅಂದಿತ್ತಲ್ಲ, ಅದನ್ನು ವಸತಿಗೂ ಹಬ್ಬಿಸಿ ಬರೆದ ಪತ್ರ. ಡಾರ್ಮ್‌ಗಳ ಹೆಸರನ್ನೂ ಅದರಲ್ಲಿ ಎತ್ತಿದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ಮೇರಿಲ್ಯಾಂಡ್‌ನ ಕೇಂದ್ರ ನ್ಯಾಯಾಲಯ ಆ ಪತ್ರವನ್ನು ರದ್ದು ಮಾಡಿತು. ಎಲ್ಲರಿಗೂ ತೆರೆದಿರುವ ಮನೆ ಮೊದಲೂ ಕಾನೂನಿಗೆ ವಿರುದ್ಧ ಆಗಿರಲಿಲ್ಲ. ಆದರೂ ಕಾಲೇಜುಗಳಿಗೆ ಹೆದರಿಕೆ ಇದೆ. ಅಲ್ಲಿಯ ಹೌಸಿಂಗ್ ಆಫೀಸಿಗೆ ಫೋನ್ ಮಾಡಿ ಕೇಳಿಬಿಡಿ.

ಕಾವೇರಿತೀರ:

ಸೀನಿಯರ್ ಉತ್ತರ ಕೊಟ್ಟಳು. ಕಳೆದ ವರ್ಷ ಆ ಮಹಡಿಯಲ್ಲಿ ನೇಪಾಳ, ಬಾಂಗ್ಲಾದೇಶದಿಂದ ನೇರವಾಗಿ ಬಂದವರು, ಗಯಾನಾ ಮೂಲದವರು, ಇಬ್ಬರು ಬಿಳಿ ಹುಡುಗಿಯರೂ ಇದ್ದರಂತೆ. ಮಗಳು ಟಿಕ್ ತೆಗೆದಿಲ್ಲ. ಆದರೆ ಇಲ್ಲಿಯ ಗೆಳತಿಯನ್ನೇ ರೂಮ್‌ಮೇಟ್ ಅಂತ ಬರೆದಿದ್ದಳು, ಅದನ್ನು ಅಳಿಸಿ ಕಾಲೇಜೇ ಹಂಚಲಿ ಅಂತ ಬಿಟ್ಟಿದ್ದಾಳೆ. ನನಗೆ ಈಗಲೂ ಸಾಮಾನ್ಯ ಡಾರ್ಮ್ ಇಷ್ಟ. ಫಾರಂ ಅವಳದು, ಹೋಗಿ ಇರಬೇಕಾದವಳೂ ಅವಳೇ.

ಸಾಧನಕೇರಿ:

ರೂಮ್‌ಮೇಟ್ ವಿಷಯದಲ್ಲಿ ಒಳ್ಳೆಯ ಕೆಲಸ ಮಾಡಿದ್ದಾಳೆ. ಮಹಡಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ. ಡಲ್ಲಾಸ್‌ವಾಸಿ ಅವರೇ, ನಿಮ್ಮ ಹತ್ತಿರ ಒಂದು ಕೇಳುತ್ತೇನೆ. ಆ ಸರ್‌ನೇಮ್ ಕೇಳುವ ಗುಂಪುಗಳನ್ನು ನಡೆಸುವವರು ಯಾರು? ಸೀನಿಯರ್‌ಗಳೇ ಅಲ್ವಾ? ಅದನ್ನು ನಿಲ್ಲಿಸಲು ಯಾವ ಯೂನಿವರ್ಸಿಟಿಯ ಅಪ್ಪಣೆಯೂ ಬೇಕಿಲ್ಲ.

ಡಲ್ಲಾಸ್‌ವಾಸಿ:

ಬೇಕಿಲ್ಲ ಸರ್. ನಮ್ಮ ಕನ್ನಡ ಗುಂಪಿನ ಅಡ್ಮಿನ್‌ಗಳ ಜೊತೆ ಮಾತಾಡಿದೆ. ಹೊಸ ಬ್ಯಾಚಿನ ಗುಂಪಿನಲ್ಲಿ ಪಿನ್ ಮಾಡಲು ಮೆಸೇಜ್ ಬರೆದಿದ್ದೇವೆ: ರೂಮು ಕೇಳುವವರು ಬಜೆಟ್, ಊಟ, ಮಲಗುವ ಹೊತ್ತು, ಬರುವ ತಾರೀಖು ಮಾತ್ರ ಹೇಳಿದರೆ ಸಾಕು. ಊರು, ಸರ್‌ನೇಮ್ ಕೇಳಿದವರ ಮೆಸೇಜ್ ತೆಗೆಯಲಾಗುವುದು. ಲೀಸ್ ಬಿಡುವ ಸೀನಿಯರ್‌ಗಳು ಖಾಲಿ ಜಾಗವನ್ನು ನಮ್ಮ ಗುಂಪಿನ ಜೊತೆ ಯೂನಿವರ್ಸಿಟಿಯ ದೊಡ್ಡ ಗುಂಪಿನಲ್ಲೂ ಹಾಕಬೇಕು ಅಂತ ಸೇರಿಸಿದ್ದೇವೆ. ಈ ಎರಡನೆಯದಕ್ಕೆ ವಿರೋಧ ಬರುತ್ತಿದೆ. ಬೇರೆ ಊರುಗಳಲ್ಲಿ ಗುಂಪು ನಡೆಸುವವರು ಇಲ್ಲಿ ಇದ್ದರೆ ಹೇಗೆ ಮಾಡಿದ್ದೀರಿ ಬರೆಯಿರಿ.